ನಾಗಣ್ಣನ ಪೀಪಾಯಿ

ಒಣ ಅರಿಶಿನದ ಘಮ ಬಂದರೆ ಈಗಲೂ ನಮ್ಮೂರು ಉಡಿಗಾಲದ ಮನೆಯಂಗಳ ಕಣ್ಣಿಗೆ ಕಟ್ಟುತ್ತದೆ.

ಪಕ್ಕದ ಮನೆಯ ನಾಗಣ್ಣ ಹಳೇ ಪೀಪಾಯಿಗೆ ತೂತು ಹೊಡೆದು, ಹಿಡಿ ಕೂರಿಸಿ, ಅರಿಶಿನ ಪಾಲಿಶ್ ಮಾಡುವ ಮಿಷನ್ ಕಟ್ಟಿದ್ದ. ನಮ್ಮಜ್ಜಿಯೊಬ್ಬಳನ್ನು ಬಿಟ್ಟು ಊರೆಲ್ಲ ಅದನ್ನೇ ಬಳಸುತ್ತಿತ್ತು. ಹೊಲದ ಬದುವಿನ ಜಗಳದಲ್ಲಿ ಅವನು ಅಜ್ಜಿಗೆ ಬಾಯಿಗೆ ಬಂದಂತೆ ಬೈದಿದ್ದ. ಗೋಣಿತಾಟಿನಲ್ಲಿ ಅರಿಶಿನದ ಕೊಂಬು ಉಜ್ಜಿ ಉಜ್ಜಿ ಅಜ್ಜಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಒಂದು ಮಧ್ಯಾಹ್ನ ನಾಗಣ್ಣನ ಹೆಂಡತಿಯೇ ಪೀಪಾಯಿ ಉರುಳಿಸಿಕೊಂಡು ಬಂದಳು. "ಅವ್ರ ನಾಲ್ಗೆ ಸರಿಯಿಲ್ಲ, ನಿಜ ಕಣವ್ವ. ಇದಕ್ಕೆ ನಾಲ್ಗೆನೇ ಇಲ್ವಲ್ಲ, ತಿರುಗ್ಸು."

ಅಜ್ಜಿ ನಕ್ಕೇಬಿಟ್ಟಳು. ಅಜ್ಜಿಯೂ ನಾನೂ ಸೇರಿ ಹಿಡಿ ತಿರುಗಿಸಿದೆವು. ಕೊಂಬುಗಳು ಹೊಳೆಯುತ್ತ ಬಂದವು. ನಮ್ಮ ರೆಪ್ಪೆಗಳೂ ಹಳದಿಯಾದವು.

"ಮಿಷನ್ನು ಬಲ್ ಚೆಂದಾಗದೆ ಅಂತ ಯೋಳು ನಿನ್ ಗಂಡಂಗೆ," ಎಂದಳು ಅಜ್ಜಿ. "ಬದುವಿನ್ ತಾವ ಸಿಕ್ಲಿ, ಬೈದಿದ್ದಕ್ಕೆ ಬ್ಯಾರೆ ಲೆಕ್ಕ ಮಡಗಿವ್ನಿ ಅಂತ್ಲೂ ಯೋಳ್ಬುಡು."