ಗೆರೆ ಹಿಡಿಯದ ಮೈ

ವಯಸ್ಸಾದಂತೆ ಮನುಷ್ಯರ ಮೈಯಂಚಿನ ಗೆರೆ ಮಾಸುತ್ತಿದ್ದ ಕಾಲವದು. ಗೆರೆ ಪೂರ್ತಿ ಅಳಿದರೆ ಮನುಷ್ಯ ಹಿಂದಿನ ಗೋಡೆಯೊಳಗೋ ಬಯಲಿನೊಳಗೋ ಬೆರೆತುಹೋಗುತ್ತಿದ್ದ. ಗದಗಿನ ಪೇಟೆಯಲ್ಲಿ ನೀಲವ್ವ ಗೆರೆ ತಿದ್ದುವ ಅಂಗಡಿ ಇಟ್ಟಿದ್ದಳು. ಊರವರ ಮೂಗು, ಭುಜ, ಬೆರಳುಗಳೆಲ್ಲ ಅವಳ ಕುಂಚದಿಂದಲೇ ಮತ್ತೆ ಎದ್ದು ಕಾಣುತ್ತಿದ್ದವು.

ಅವಳ ಗಂಡ ಚನಬಸಪ್ಪನ ಮೈ ಮಾತ್ರ ಈಚೆಗೆ ಗೆರೆ ಹಿಡಿಯುತ್ತಿರಲಿಲ್ಲ. ಬೆಳಿಗ್ಗೆ ಎಳೆದದ್ದು ಮಧ್ಯಾಹ್ನಕ್ಕೆ ಅಳಿಸಿಹೋಗುತ್ತಿತ್ತು. ಆ ದಿನ ಅವಳು ಕಪ್ಪು ಬಣ್ಣವನ್ನು ಇನ್ನಷ್ಟು ದಪ್ಪಗೆ ಎಳೆದಾಗ ಅವನು ಹಲ್ಲು ಕಚ್ಚಿ ನರಳಿದ.

"ಸಾಕು ಬಿಡ, ನೀಲಾ. ಭಾಳ ಉರೀತೈತಿ."

ಅವಳು ಕುಂಚವನ್ನು ಅವನ ಮುಖದತ್ತ ಒಯ್ದಳು. "ಮಾರಿ ಒಂದರ ತಿದ್ತೇನ್ರಿ. ನಾಳೆ ನಿಮ್ಮನ್ನ ಎಲ್ಲಿ ಹುಡುಕ್ಲಿ?"

"ಹುಡುಕಬ್ಯಾಡ. ಇಲ್ಲಿ ಬಂದು ಕುಂದರು."

ಅವಳು ಕುಂಚ ತೊಳೆದಿಟ್ಟು, ಮಂಚದ ಮೇಲೆ ಕುಳಿತು ಅವನ ಕೈ ಹಿಡಿದಳು. ಅವನ ಹೆಗಲು ಆಗಲೇ ಸುಣ್ಣದ ಗೋಡೆಯೊಳಗೆ ಸೇರುತ್ತಿತ್ತು. ತನ್ನ ಬೆರಳು ಎಲ್ಲಿ ಮುಗಿದು ಅವನದು ಎಲ್ಲಿ ಶುರುವಾಗುತ್ತದೆಂದು ಅವಳಿಗೆ ತಿಳಿಯದಾಯಿತು. ಹಾಗೆಯೇ ಇರಲಿ ಎಂದು ಅವಳು ಅಲುಗಾಡದೆ ಕುಳಿತಳು.

ಸಂಜೆ ಸೊಸೆ ಎರಡು ಲೋಟ ಚಹಾ ತಂದಳು. ನೀಲವ್ವ ಕೈ ಬಿಚ್ಚಿ ನೋಡಿದಳು. ಅವನ ಕೈ ಇರಲಿಲ್ಲ, ಅವಳ ಬೆರಳುಗಳಷ್ಟೇ ಉಳಿದಿದ್ದವು.