ಲಾರಿಯ ಹಿಂದಿನ ಮಾತು

“ಸಮೀಪ!” ಎಂದು ಅವಳು ಕೂಗಿದಳು. ಅಪ್ಪ ಲಾರಿಯನ್ನು ಹಿಂದಕ್ಕೆ ಬಿಡುತ್ತಲೇ ಇದ್ದ. ಇಕ್ಕಟ್ಟಾದ ಅಂಗಳದಲ್ಲಿ ಕನ್ನಡಿ ನಂಬದೆ ಅವನು ಮಾತುಗಳನ್ನೇ ಅಳತೆ ಮಾಡಿಕೊಂಡಿದ್ದ: ಸಮೀಪ ಅಂದರೆ ಹಿಂದಿನ ಗೋಡೆಗೆ ಆಳುದ್ದ ದೂರ, ಹತ್ತಿರ ಅಂದರೆ ಮೊಳದುದ್ದ, ಪಕ್ಕ ಅಂದರೆ ನಿಲ್ಲಿಸು. ದಿನಾ ಕೂಗುತ್ತಿದ್ದ ಅಣ್ಣನಿಗೆ ಜ್ವರ. ಇವತ್ತು ಮೊದಲ ಸಲ ಅವಳ ಸರದಿ.

ಅಷ್ಟರಲ್ಲಿ ಅಮ್ಮ ಲಾರಿಗೆ ಹೇರಬೇಕಿದ್ದ ದೊಡ್ಡದೊಂದು ಗಾಜಿನ ಹಾಳೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಅಡ್ಡಡ್ಡ ಹೆಜ್ಜೆಯಿಡುತ್ತಾ ಗೋಡೆಗೂ ಲಾರಿಗೂ ನಡುವೆ ಬಂದುಬಿಟ್ಟಳು. ಲಾರಿ ನಿಲ್ಲಲಿಲ್ಲ. ಅಮ್ಮನ ಬೆನ್ನು ಗೋಡೆಗೆ ತಾಗಿತು. ಗಾಜು ಬಿಡುವಂತಿಲ್ಲ, ಓಡುವಂತಿಲ್ಲ.

“ಏನೇ ನೋಡ್ತಾ ನಿಂತಿದೀಯ, ಕೂಗೇ!”

ಮಗಳಿಗೆ ಹತ್ತಿರವೋ ಪಕ್ಕವೋ, ಯಾವುದಕ್ಕೆ ನಿಲ್ಲುತ್ತದೆ ಎಂಬುದೇ ಮರೆತುಹೋಯಿತು. ಎದೆ ಒಡೆಯುವ ಹಾಗೆ “ಅಮ್ಮಾ!” ಎಂದು ಚೀರಿದಳು.

ಲಾರಿ ಗಕ್ಕನೆ ನಿಂತಿತು. ಅಮ್ಮನ ಉಸಿರಿಗೆ ಗಾಜು ಮಸುಕಾಗಿತ್ತು. ಗಾಜಿಗೂ ಲಾರಿಗೂ ನಡುವೆ ಬೆರಳು ತೂರಿಸುವಷ್ಟೂ ಜಾಗವಿರಲಿಲ್ಲ. ಇಳಿದು ಬಂದು ನೋಡಿದ ಅಪ್ಪನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

“ನನ್ನನ್ನೇನು ನೋಡ್ತೀರಿ? ಮೊದಲು ಲಾರಿ ಮುಂದೆ ತಗೊಳ್ಳಿ!” ಅಂದಳು ಅಮ್ಮ.

ಅಪ್ಪ ಹತ್ತಿ ಕೂತ. ಗೇರು ಹಾಕುವ ಮೊದಲು ಕಿಟಕಿಯಿಂದ ತಲೆ ಹೊರಹಾಕಿ, ಮಗಳ ಕಡೆ ನೋಡದೆ ಹೇಳಿದ: “ಇನ್ಮೇಲೆ ನಿಲ್ಲಿಸೋಕೆ ‘ಅಮ್ಮಾ’ ಅಂತಲೇ ಕೂಗು ಮಗಳೇ.”