ಹೂವಿಗೆ ಹೊಲಿದ ಅಂಗಿ

ಚಳಿ ಕಾಲ್ತೆಗೆದು ಬಿಸಿಲು ಚುರುಗುಟ್ಟತೊಡಗಿದ ದಿನಗಳು. ಬೆಳಿಗ್ಗೆ ಒಂಬತ್ತರ ಹೊತ್ತು. ದರ್ಜಿ ಇನ್ನೂ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದ. ಅವನ ಅಕ್ಕ ಬಂದವಳೇ ಸೊಳ್ಳೆಪರದೆಯ ತುಂಡೊಂದನ್ನು ಮೇಜಿನ ಮೇಲೆ ಒಗೆದಳು.

"ಹತ್ತು ಚೀಲ ಹೊಲಿ. ಹೆಬ್ಬೆರಳು ತೂರೋ ಅಷ್ಟಿರಲಿ. ಬಾಯಿಗೆ ದಾರ."

"ಯಾರಿಗಕ್ಕಾ?"

"ಮೆಣಸಿನ ಹೂವಿಗೆ."

ದರ್ಜಿಗೆ ನಗುವ ಧೈರ್ಯ ಬರಲಿಲ್ಲ. ಅಕ್ಕ ಹಾಸ್ಟೆಲಿನ ಅಡುಗೆಯವಳು. ಅಮ್ಮ ಬಿಟ್ಟುಹೋದ ಕಿಡಿಮೆಣಸಿನ ತಳಿ ಅವಳ ಹತ್ತಿರ ಬಿಟ್ಟರೆ ಇನ್ನೆಲ್ಲೂ ಇಲ್ಲ. ಒಂದೇ ಒಂದು ಕಾಯಿ ನಲವತ್ತು ಜನರ ಕಣ್ಣಲ್ಲಿ ನೀರು ತರಿಸುತ್ತಿತ್ತು. ಹೋದ ವರ್ಷ ಪಕ್ಕದಂಗಡಿಯ ವಾಚ್ ರಿಪೇರಿಯವರು ಅವಳ ಗಿಡವಿದ್ದ ಮಹಡಿಯ ಮೇಲೆಯೇ ದೊಣ್ಣೆಮೆಣಸಿನ ಕುಂಡ ತಂದಿಟ್ಟರು. ಜೇನುಹುಳ ಅದರ ಹೂವಿನ ಪರಾಗ ಹೊತ್ತು ಇದರ ಹೂವಿಗೆ ಹಾರಿತು. ಆ ಬೀಜದಿಂದ ಎದ್ದ ಗಿಡಗಳೆಲ್ಲ ಬಿಟ್ಟದ್ದು ಉಬ್ಬಿದ ಸಪ್ಪೆ ಕಾಯಿ. ಹಾಸ್ಟೆಲಿನವರು ಉಂಡು, "ಅಕ್ಕಾ, ಮೈಯಲ್ಲಿ ಹುಷಾರಿಲ್ವಾ?" ಎಂದು ಕೇಳಿದರಂತೆ. ಹಳೇ ಡಬ್ಬಿ ತಡಕಿ ಹಾಕಿದ ಬೀಜದಲ್ಲಿ ಮೊಳೆತದ್ದು ಒಂದೇ. ಅದೀಗ ಮೊಗ್ಗು ಬಿಟ್ಟಿತ್ತು. ಜೇನುಹುಳ ಕೂತು ಅದೂ ಕೆಟ್ಟರೆ ಅಮ್ಮನ ತಳಿ ಮುಗಿದಂತೆ.

ದರ್ಜಿ ಹೊಲಿದ. ಕೈಗೆ ಅಂಟಿದ ಅಭ್ಯಾಸ, ಒಂದು ಚೀಲಕ್ಕೆ ಕಾಲರ್ ಕೂಡ ಬಂತು.

ಮಹಡಿಯ ಮೇಲೆ ಅಕ್ಕ ಮೊಗ್ಗುಗಳಿಗೆ ಚೀಲ ತೊಡಿಸುವಾಗ ವಾಚಿನವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ನೋಡಿದರು.

"ಅಡುಗೆಯವ್ರೇ, ಅಂಗಿ ಏನೋ ಆಯ್ತು. ಚಡ್ಡಿ ಯಾವಾಗ?"

"ನಿಮ್ಮ ಗಿಡ ಮಾನವಾಗಿ ಇದ್ದಿದ್ರೆ ನನ್ನ ಗಿಡಕ್ಕೆ ಅಂಗಿ ಯಾಕ್ರೀ ಬೇಕಿತ್ತು?"

ಮಾರನೆಯ ದಿನದಿಂದ ಚಿಮಟ ಹಿಡಿದು ಆ ದಾರ ಕಟ್ಟುವ, ಕಾಯಿ ಕಚ್ಚಿದ ಮೇಲೆ ಬಿಚ್ಚುವ ಕೆಲಸ ವಾಚಿನವರದೇ ಆಯಿತು. ಅಕ್ಕನ ಬೆರಳು ದಪ್ಪವಂತೆ, ಹೂವು ಉದುರೀತಂತೆ.

ಎರಡು ತಿಂಗಳಿಗೆ ಮೊದಲ ಕಾಯಿ ಕೆಂಪಾಯಿತು. ಅಕ್ಕ ಅದನ್ನು ಜಜ್ಜಿ, ಬೆಂದ ಆಲೂಗಡ್ಡೆಗೆ ಕಲಸಿ ತಂದಳು.

"ತಪ್ಪು ಮಾಡಿದವ್ರೇ ಮೊದ್ಲು ತಿನ್ಲಿ."

ವಾಚಿನವರು ತುತ್ತಿಟ್ಟರು. ಕಿವಿ ಕೆಂಪೇರಿತು, ಮೂಗು ಸೋರಿತು, ಭೂತಗನ್ನಡಿಯೊಳಗೆ ನೀರು ನಿಂತಿತು. ದರ್ಜಿ ಚೊಂಬು ಹಿಡಿದು ಓಡಿಬಂದ.

"ಹೇಗಿದೇರೀ?" ಅಕ್ಕ ಕೇಳಿದಳು.

"ಸ... ಸಪ್ಪೆ."

ಆ ವರ್ಷದಲ್ಲಿ ಅಕ್ಕ ನಕ್ಕದ್ದು ಅದೇ ಮೊದಲು.

ನೀರು ಕುಡಿದು ಸುಧಾರಿಸಿಕೊಂಡ ವಾಚಿನವರು, "ನಾಳೆನೇ ನನ್ನ ಕುಂಡ ಕೆಳಗಿಳಿಸ್ತೀನಿ ಬಿಡಿ" ಎಂದರು. ಅಕ್ಕ ತಮ್ಮನ ಕಡೆ ತಿರುಗಿದಳು.

"ಇನ್ನೂ ಹತ್ತು ಹೊಲಿ."

"ಈಗ ಯಾರಿಗೆ?"

"ಅವರ ಗಿಡಕ್ಕೆ. ನಮ್ಮ ಖಾರ ತಾಗಿ ಪಾಪ, ಅದು ಕೆಟ್ಟೀತು."

ಭಾನುವಾರ ಮಧ್ಯಾಹ್ನ ಜೇನುಹುಳವೊಂದು ಮಹಡಿಗೆ ಬಂತು. ಅಕ್ಕಪಕ್ಕ ನಿಂತ ಎರಡು ಕುಂಡಗಳ ಅಂಗಿ ಅಂಗಿಯನ್ನೂ ಸುತ್ತಿ, ಕಾಲರಿನ ಮೇಲೆ ಒಂದು ಗಳಿಗೆ ಕೂತು, ಬರಿಗೈಲಿ ಹೊರಟುಹೋಯಿತು.